ಬಿಳಿಯಾದ ಗುಲಾಬಿಗಳು

ವಿನ್ಸೆಂಟ್ ವ್ಯಾನ್ ಗೋನ 'ಗುಲಾಬಿಗಳು' ತೈಲಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಿಳುಪು. ತಿಳಿ ಹಸಿರಿನ ಮುಂದೆ ಹೂದಾನಿ ತುಂಬಿ ಚೆಲ್ಲುವ ಬಿಳಿ ಹೂಗಳು. ಮಾನಸಿಕ ಚಿಕಿತ್ಸಾಲಯದಲ್ಲಿ ಒಂದು ವರ್ಷ ಕಳೆದು ಹೊರಡಲಿದ್ದ ಕಲಾವಿದನ ಮನಸ್ಸು ಕೊನೆಗೂ ತಿಳಿಯಾಗಿತ್ತು ಎಂದು ಅರ್ಥ ಹೇಳಿಬಿಡುವುದು ಸುಲಭ. ಆದರೆ ಅವನು ಬರೆದದ್ದು ಬಿಳಿ ಗುಲಾಬಿಗಳನ್ನಲ್ಲ, ನಸುಗೆಂಪು ಗುಲಾಬಿಗಳನ್ನು.

1890ರ ಮೇ ತಿಂಗಳಲ್ಲಿ, ಸೇಂಟ್ ರೆಮಿಯಿಂದ ಹೊರಡುವ ಮುನ್ನಿನ ದಿನಗಳಲ್ಲಿ, ಅವನು ನಾಲ್ಕು ಹೂಚಿತ್ರಗಳನ್ನು ಬರೆದ. ಎರಡು ಐರಿಸ್ ಹೂಗಳವು, ಎರಡು ಗುಲಾಬಿಗಳವು. ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಬಣ್ಣಗಳ ಲೆಕ್ಕ ಸ್ಪಷ್ಟವಾಗಿದೆ: ಹಳದಿ ಮಿಶ್ರಿತ ಹಸಿರಿನ ಮುಂದೆ ನಸುಗೆಂಪು ಗುಲಾಬಿ, ಒಂದು ಕಡೆ ನಸುಗೆಂಪಿನ ಮುಂದೆ, ಇನ್ನೊಂದು ಕಡೆ ನಿಂಬೆಹಳದಿಯ ಮುಂದೆ ನೇರಳೆ ಐರಿಸ್. ಅವನು ಬಳಸಿದ ಜೆರೇನಿಯಂ ಲೇಕ್ ಎಂಬ ಕೆಂಪು ಬೆಳಕಿಗೆ ನಿಲ್ಲುವಂಥದ್ದಲ್ಲ. ಅದು ಮಾಸಿತು. ಗುಲಾಬಿ ಬಿಳಿಯಾಯಿತು, ನೇರಳೆಯೊಳಗಿನ ಕೆಂಪು ಹೋಗಿ ಐರಿಸ್ ನೀಲಿಯಾಯಿತು.

ಇದು ಬರೀ ರಸಾಯನಶಾಸ್ತ್ರದ ಮಾತಲ್ಲ, ವಿಮರ್ಶೆಯ ಮಾತು. ತೈಲವರ್ಣದ ಹೂಚಿತ್ರದಲ್ಲಿ 'ಭಾವಾಭಿವ್ಯಕ್ತಿ' ಎಂದಾಗ ನಾವು ಸಾಮಾನ್ಯವಾಗಿ ತೋರಿಸುವುದು ದಪ್ಪ ಬಣ್ಣವನ್ನು, ಬೀಸಾದ ಕುಂಚವನ್ನು. ಚಿತ್ರಕಲೆ ಕಲಿಯುವವರು ಅನುಕರಿಸುವುದೂ ಅದನ್ನೇ. ಈ ಗುಲಾಬಿಗಳಲ್ಲಿ ದಪ್ಪ ಬಣ್ಣ ಹಾಗೇ ಇದೆ, ಕುಂಚದ ಗೆರೆಗಳೂ ಇವೆ. ಆದರೂ ಚಿತ್ರದ ಸ್ವರ ಬದಲಾಗಿದೆ. ಕೆಂಪು ಮತ್ತು ಹಸಿರು ಒಂದರ ಪಕ್ಕ ಒಂದು ನಿಂತು ಪರಸ್ಪರ ಕೆಣಕುವ ಬಣ್ಣಗಳು. ಆ ಕೆಣಕಾಟ ಇಲ್ಲವಾದಾಗ ಉಳಿದದ್ದನ್ನು ನಾವು ಶಾಂತಿ ಎಂದು ಕರೆದೆವು. ಅಂದರೆ ಭಾವ ಇದ್ದದ್ದು ಬಣ್ಣದ ದಪ್ಪದಲ್ಲಲ್ಲ, ಬಣ್ಣಗಳ ನಡುವಿನ ಸಂಬಂಧದಲ್ಲಿ.

ಹಾಗೆಂದು ಕುಂಚದ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಹೂದಾನಿಯ ಹೂ ಕೆಲವೇ ದಿನಗಳಲ್ಲಿ ಬಾಡುತ್ತದೆ, ದಪ್ಪ ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು. ಹಸಿಯ ಮೇಲೇ ಹಸಿಬಣ್ಣ ಹಚ್ಚಬೇಕು. ಒಂದು ಗೆರೆ ಹೆಚ್ಚಾದರೆ ಕೆಳಗಿನ ಹಸಿರು ಮೇಲಿನ ಕೆಂಪಿಗೆ ಬೆರೆತು ಕೆಸರಾಗುತ್ತದೆ. ಎಲ್ಲಿ ಕೈ ತಡೆಯಬೇಕೆಂಬ ತೀರ್ಮಾನವೇ ಇಲ್ಲಿ ಕಲೆ. ಅವನು ಊರು ಬಿಟ್ಟಾಗ ಈ ಚಿತ್ರಗಳು ಒಣಗಿರಲೇ ಇಲ್ಲ. ಅಲ್ಲೇ ಬಿಟ್ಟುಬಂದ ಅವು ಓವೇರ್‌ಗೆ ಅವನ ಕೈ ಸೇರಿದ್ದು ಜೂನ್‌ನಲ್ಲಿ. ಜುಲೈ 29ಕ್ಕೆ ಅವನು ತೀರಿಕೊಂಡ.

ಬಣ್ಣ ಮಾಸುತ್ತದೆಂಬುದು ಅವನಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಇಂಪ್ರೆಷನಿಸ್ಟರು ಬಳಕೆಗೆ ತಂದ ಬಣ್ಣಗಳು ನಿಲ್ಲುವಂಥವಲ್ಲ, ಆದ್ದರಿಂದಲೇ ಅವನ್ನು ಧೈರ್ಯವಾಗಿ, ಹಸಿಹಸಿಯಾಗಿ ಹಚ್ಚಬೇಕು, ಕಾಲವೇ ಮೆತ್ತಗಾಗಿಸುತ್ತದೆ ಎಂಬರ್ಥದಲ್ಲಿ 1888ರಲ್ಲೇ ಬರೆದಿದ್ದ. ಆದರೆ ಕಾಲ ಅವನ ಲೆಕ್ಕವನ್ನು ಮೀರಿ ನಡೆದುಕೊಂಡಿತು.

ಹಾಗಾದರೆ ನಾವು ನೋಡಬೇಕಾದದ್ದು ಯಾವ ಚಿತ್ರವನ್ನು? ಬರೆದದ್ದನ್ನೋ, ಉಳಿದದ್ದನ್ನೋ? ಹಳಗನ್ನಡ ಕಾವ್ಯ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ 'ಮೃಗ' ಎಂದರೆ ಜಿಂಕೆಯೂ ಆಗಬಹುದು. ಇಂದಿನ ಕಿವಿಗೆ ಅದು ಕ್ರೂರಪ್ರಾಣಿ. ಇಂದಿನ ಅರ್ಥದಲ್ಲೇ ಓದಿ ಆನಂದಪಟ್ಟರೆ ಯಾರೂ ತಡೆಯುವುದಿಲ್ಲ, ಆದರೆ ಆ ಆನಂದವನ್ನು ಕವಿಯ ತಲೆಗೆ ಕಟ್ಟಬಾರದು. ಬಿಳಿ ಗುಲಾಬಿಗಳು ನನಗೂ ಚೆಂದವೇ. ಆ ಚೆಂದ ಬೆಳಕಿನದು. ವ್ಯಾನ್ ಗೋನ ಮನಶ್ಶಾಂತಿಗೆ ಅದು ಸಾಕ್ಷಿಯಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2015ರಲ್ಲಿ ನಾಲ್ಕೂ ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿತ್ತು. ಅಲ್ಲಿಯದೇ ಆದ ಗುಲಾಬಿ ಚಿತ್ರದಲ್ಲಿ, ಮೇಜಿನ ಮೇಲೂ ಕೆಲವು ಎಸಳುಗಳಲ್ಲೂ ನಸುಗೆಂಪಿನ ಸುಳಿವು ಇನ್ನೂ ಉಳಿದಿದೆ. ಮುದ್ರಿತ ಪ್ರತಿ ಕೈಗೆ ಸಿಕ್ಕರೂ ಸಾಕು, ಮೊದಲು ಆ ಸುಳಿವನ್ನು ಹುಡುಕಿ; ಅರ್ಥ ಹೇಳುವುದು ಆಮೇಲೆ.