ಟ್ಯಾಲೆಂಟ್: ಒಂದು ಪದದ ಪಯಣ

‘ನಿಮ್ಮ ಮಗುವಿನಲ್ಲಿ ಒಳ್ಳೆಯ ಟ್ಯಾಲೆಂಟ್ ಇದೆ’ ಎಂಬ ಮಾತನ್ನು ಕೇಳಿ ಹಿಗ್ಗದ ಹೆತ್ತವರಿಲ್ಲ. ಶಾಲೆಯ ವಾರ್ಷಿಕೋತ್ಸವದಿಂದ ಟಿ.ವಿ. ಸ್ಪರ್ಧೆಗಳವರೆಗೆ ಎಲ್ಲೆಡೆ ಬಳಕೆಯಲ್ಲಿರುವ ಈ ಪದದ ಮೂಲವನ್ನು ಅರಸಿ ಹೊರಟರೆ, ನಾವು ತಲುಪುವುದು ವೇದಿಕೆಯನ್ನಲ್ಲ, ತಕ್ಕಡಿಯನ್ನು.

ಗ್ರೀಕ್ ಭಾಷೆಯಲ್ಲಿ ‘ತಲಾಂತೋನ್’ ಎಂದರೆ ತಕ್ಕಡಿ. ಮುಂದೆ ಅದೇ ಪದ ತೂಗಿದ ಭಾರಕ್ಕೂ, ಆ ಭಾರದಷ್ಟು ಬೆಳ್ಳಿಯ ಮೌಲ್ಯಕ್ಕೂ ಹೆಸರಾಯಿತು. ಅಥೆನ್ಸಿನ ಲೆಕ್ಕದಲ್ಲಿ ಒಂದು ತಲಾಂತು ಸುಮಾರು 26 ಕಿಲೋಗ್ರಾಂ. ಅಂದರೆ 6000 ದ್ರಾಕ್ಮಗಳು. ಲ್ಯಾಟಿನ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದು ಮೊದಲು ತೂಕ ಮತ್ತು ಹಣದ ಹೆಸರೇ ಆಗಿತ್ತು.

ಹಣದ ಹೆಸರು ಪ್ರತಿಭೆಯ ಹೆಸರಾದದ್ದು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಸಾಮತಿಯಿಂದ. ಯಜಮಾನನು ಸೇವಕರಿಗೆ ಒಪ್ಪಿಸಿದ ಐದು, ಎರಡು, ಒಂದು ತಲಾಂತುಗಳನ್ನು ದೇವರಿತ್ತ ವರಗಳೆಂದು ಬೋಧಕರು ವಿವರಿಸಿದರು. 15ನೆಯ ಶತಮಾನದ ವೇಳೆಗೆ ಆ ವಿವರಣೆಯೇ ಇಂಗ್ಲಿಷಿನಲ್ಲಿ ಪದದ ಅರ್ಥವಾಗಿ ನೆಲೆನಿಂತಿತು.

ಆದರೆ ಈ ಪಯಣದಲ್ಲಿ ಪದವು ಗಳಿಸಿದಷ್ಟೇ ಕಳೆದುಕೊಂಡಿದೆ. ಸಾಮತಿಯನ್ನು ಮತ್ತೊಮ್ಮೆ ಗಮನವಿಟ್ಟು ಓದಿರಿ. ಅಲ್ಲಿ ಸಾಮರ್ಥ್ಯ ಬೇರೆ, ತಲಾಂತು ಬೇರೆ. ಪ್ರತಿಯೊಬ್ಬನ ಸಾಮರ್ಥ್ಯವನ್ನು ನೋಡಿ ತಲಾಂತನ್ನು ಹಂಚಲಾಗುತ್ತದೆ. ಅಂದರೆ ತಲಾಂತು ಸೇವಕನ ಸ್ವಂತ ಗುಣವಲ್ಲ, ಅವನ ವಶಕ್ಕೆ ಬಂದ ಪರರ ಸೊತ್ತು. ಲೆಕ್ಕ ಒಪ್ಪಿಸಬೇಕಾದ ಹೊಣೆ. ಇಂದಿನ ಬಳಕೆಯಲ್ಲಿ ಕೊಟ್ಟವನು ಮರೆಯಾಗಿದ್ದಾನೆ, ಹೊಣೆ ಹಗುರವಾಗಿದೆ, ಹೆಮ್ಮೆಯೊಂದೇ ಉಳಿದಿದೆ.

ಇನ್ನೂ ಒಂದು ಸಂಗತಿಯುಂಟು. ಒಂದೇ ತಲಾಂತು ಪಡೆದವನನ್ನು ನಾವು ಬಡಪಾಯಿ ಎಂದು ಭಾವಿಸುತ್ತೇವೆ. ಅದೇ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ದ್ರಾಕ್ಷಾತೋಟದ ಕೂಲಿಯಾಳಿನ ದಿನಗೂಲಿ ಒಂದು ದೆನಾರಿ. ದೆನಾರಿಯೂ ದ್ರಾಕ್ಮವೂ ಹೆಚ್ಚುಕಡಿಮೆ ಸಮಾನವಾದುದರಿಂದ, ಒಂದು ತಲಾಂತು ಸುಮಾರು ಇಪ್ಪತ್ತು ವರ್ಷಗಳ ದುಡಿಮೆಗೆ ಸಮ! ಅವನು ಮಣ್ಣಿನಲ್ಲಿ ಹೂತದ್ದು ಚಿಲ್ಲರೆ ಕಾಸನ್ನಲ್ಲ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನನ ಮೆಚ್ಚುಗೆ ಒಂದೇ ಬಗೆಯದು ಎಂಬುದನ್ನೂ ಮರೆಯಬಾರದು.

ಹಾಗಿರುವಾಗ, ಹಾಡಲು ಬಾರದ, ಬಹುಮಾನ ತಾರದ ಮಗುವನ್ನು ‘ಇವನಿಗೆ ಟ್ಯಾಲೆಂಟ್ ಇಲ್ಲ’ ಎಂದು ಬದಿಗೆ ಸರಿಸುವುದು ಎಷ್ಟು ಸರಿ? ಹಾಸಿಗೆ ಹಿಡಿದ ಅಜ್ಜಿಗೆ ತಾಳ್ಮೆಯಿಂದ ಗಂಜಿ ಕುಡಿಸುವ ಕೈಗೆ ಯಾವ ವೇದಿಕೆಯೂ ಇಲ್ಲ. ಆದರೆ ಮೂಲ ಅರ್ಥದ ತಕ್ಕಡಿಯಲ್ಲಿ ಅದು ಹಗುರವಲ್ಲ. ಪದವನ್ನು ಬಿಡಬೇಕಿಲ್ಲ, ಅದರ ತೂಕವನ್ನು ಅದಕ್ಕೆ ಮರಳಿಸಿದರೆ ಸಾಕು. ಇನ್ನು ಮುಂದೆ ಮಗುವನ್ನು ‘ನಿನ್ನಲ್ಲಿ ಏನಿದೆ?’ ಎಂದು ಕೇಳುವ ಬದಲು ‘ನಿನಗೆ ಏನನ್ನು ಒಪ್ಪಿಸಲಾಗಿದೆ?’ ಎಂದು ಕೇಳೋಣವೇ?