ಸರ್ಪದಷ್ಟರ ಗಣನೆ: 2024ನೆಯ ಅಧಿಸೂಚನೆಯ ವಿಮರ್ಶೆ

2024ನೆಯ ಇಸವಿಯ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು, 2020ನೆಯ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮದಂತೆ, ಹಾವುಕಡಿತವನ್ನು ‘ಅಧಿಸೂಚಿತ ರೋಗ’ವೆಂದು ಸಾರಿತು. ಅಂದಿನಿಂದ ಸರ್ಕಾರದ ಆಸ್ಪತ್ರೆಗಳು ಮಾತ್ರವಲ್ಲದೆ ಖಾಸಗಿ ಆಸ್ಪತ್ರೆಗಳೂ ತಮ್ಮಲ್ಲಿಗೆ ಬರುವ ಸರ್ಪದಷ್ಟರ ಸಂಖ್ಯೆಯನ್ನೂ ಮರಣಗಳನ್ನೂ ಆರೋಗ್ಯ ಇಲಾಖೆಗೆ ತಿಳಿಸಬೇಕಾಗಿರುವುದು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇತರ ರಾಜ್ಯಗಳೂ ಹೀಗೆಯೇ ಮಾಡತಕ್ಕುದೆಂದು ಪತ್ರ ಬರೆಯಿತು. ಈ ಆಜ್ಞೆಯನ್ನು ಪತ್ರಿಕೆಗಳು ಹೊಗಳಿದುದುಂಟು; ಅದನ್ನು ಪರಿಶೀಲಿಸಿ ನೋಡಿದವರು ವಿರಳ. ಒಂದು ಶಾಸನದ ಗುಣದೋಷಗಳನ್ನು ಅದು ಅನ್ವಯವಾಗುವ ನೆಲದಲ್ಲಿ ನಿಂತು ನೋಡಬೇಕೆಂಬುದು ನಮ್ಮ ಮತ. ಆದಕಾರಣ ಮೂಡುಬಿದಿರೆಯ ನೆರೆಯ ಮಿಜಾರು ಗ್ರಾಮವನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆದಿರುವೆವು.

ಈ ಸೀಮೆಗೆ ವಿಷವೈದ್ಯವು ಹೊಸತಲ್ಲ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ಸ್ಥಾವರ ಜಂಗಮ ವಿಷಗಳನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಮೂಡುಬಿದಿರೆಯ ಜೈನಭಂಡಾರಗಳಲ್ಲಿ ತಾಡವೋಲೆಗಳ ರಾಶಿಯೇ ಇರುವುದು. ಅವುಗಳ ಸೂಚಿಯನ್ನು ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಪ್ರಕಟವಾಗುವಂತೆ ಮಾಡಿದರು. ಆದರೆ ವಿಷವನ್ನು ವರ್ಗೀಕರಿಸುವುದು ಬೇರೆ, ವಿಷದಿಂದ ಮಡಿದವರನ್ನು ಎಣಿಸುವುದು ಬೇರೆ. ಎರಡನೆಯ ಕೆಲಸವು ನಮ್ಮಲ್ಲಿ ಆಂಗ್ಲರ ಆಡಳಿತದೊಡನೆ ಬಂದಿತು. ಜೋಸೆಫ್ ಫೇರರನು ಭಾರತದ ವಿಷಸರ್ಪಗಳ ಮೇಲೆ ತನ್ನ ಮಹಾಗ್ರಂಥವನ್ನು 1872ರಲ್ಲಿ ಹೊರತಂದನು. ಸರ್ಕಾರವು ಹಾವುಗಳನ್ನು ಕೊಂದವರಿಗೆ ಬಹುಮಾನವನ್ನೂ ಕೊಡುತ್ತಿದ್ದಿತು. ಆ ಕಾಲದ ಲೆಕ್ಕದಲ್ಲಿ ಸತ್ತ ಮನುಷ್ಯರೂ ಸತ್ತ ಹಾವುಗಳೂ ಇದ್ದುವೇ ಹೊರತು ಬದುಕಿಕೊಂಡವರು ಹೇಗೆ ಬದುಕಿದರೆಂಬುದು ಇರಲಿಲ್ಲ.

ವೈದ್ಯನು ರೋಗವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯೂ ಈ ಜಿಲ್ಲೆಗೆ ಪರಿಚಿತವೇ. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಾಗ 1939ನೆಯ ಮದ್ರಾಸು ಸಾರ್ವಜನಿಕ ಆರೋಗ್ಯ ಶಾಸನವು ಇಂತಹ ರೋಗಗಳ ವಿಷಯದಲ್ಲಿ ವೈದ್ಯರ ಮೇಲೆ ಆ ಹೊಣೆಯನ್ನು ಹೊರಿಸಿದ್ದಿತು. ಅಲ್ಲಿನ ತರ್ಕ ಸ್ಪಷ್ಟ: ಒಬ್ಬನಿಗೆ ಕಾಲರಾ ತಗುಲಿದರೆ ಅದು ನೆರೆಯವನಿಗೂ ತಗುಲೀತು, ಆದುದರಿಂದ ಬೇಗನೆ ತಿಳಿಸಬೇಕು. ಹಾವುಕಡಿತವಾದರೋ ಒಬ್ಬನಿಂದ ಮತ್ತೊಬ್ಬನಿಗೆ ಹರಡತಕ್ಕುದಲ್ಲ. ಅದನ್ನು ಸಾಂಕ್ರಾಮಿಕ ರೋಗಗಳ ಶಾಸನದೊಳಗೆ ತಂದುದು ಅಸಂಗತವೆಂದು ತೋರಬಹುದು. ಆದರೆ ನಮಗೆ ಈ ಆಕ್ಷೇಪವು ಗಟ್ಟಿಯಾದುದೆಂದು ತೋರುವುದಿಲ್ಲ. ಔಷಧವು ಎಲ್ಲಿ ಎಷ್ಟು ಬೇಕೆಂಬುದನ್ನು ತಿಳಿಯಲು ಎಣಿಕೆಯೊಂದೇ ದಾರಿ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವುಕಡಿತದಿಂದ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರು, ಮಡಿದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆಸ್ಪತ್ರೆಗಳ ದಾಖಲೆಯ ಸಂಖ್ಯೆಗಳು ಇದರ ಒಂದು ಅಲ್ಪಭಾಗವಷ್ಟೆ. ಈ ಅಂತರವೇ ಅಧಿಸೂಚನೆಗೆ ಸಾಕಾದ ಸಮರ್ಥನೆ.

ಇನ್ನು ಪದದ ವಿಚಾರ. ‘ಅಧಿಸೂಚಿತ ರೋಗ’ವೆಂಬ ಮಾತು ಸರ್ಕಾರವು ಮಾಡಿದ ಕಾರ್ಯವನ್ನು ಹೇಳುವುದೇ ಹೊರತು ವೈದ್ಯನು ಮಾಡಬೇಕಾದ ಕಾರ್ಯವನ್ನು ಹೇಳುವುದಿಲ್ಲ. ಸರ್ಕಾರವು ಸೂಚಿಸಿ ಮುಗಿಸಿತು ಎಂಬ ಅರ್ಥವೇ ಅದರಿಂದ ಹೊರಡುವುದು. ಶಾಸನದ ಅಭಿಪ್ರಾಯವಾದರೋ ವೈದ್ಯನು ತಪ್ಪದೆ ತಿಳಿಸಬೇಕೆಂಬುದು. ‘ತಿಳಿಸಲೇಬೇಕಾದ ರೋಗ’ ಎಂದಿದ್ದರೆ ಹೊಣೆ ಯಾರದೆಂಬುದು ಓದಿದೊಡನೆ ಗೊತ್ತಾಗುತ್ತಿದ್ದಿತು. ಕನ್ನಡದಲ್ಲಿ ಶಾಸನವನ್ನು ಬರೆಯುವವರು ಇಂತಹ ಸಣ್ಣ ವಿಷಯಗಳನ್ನು ಉಪೇಕ್ಷಿಸಬಾರದು.

ಈಗ ಸ್ಥಳಕ್ಕೆ ಬರೋಣ. ತೆಂಕಮಿಜಾರು ಬಡಗಮಿಜಾರುಗಳು ಗದ್ದೆ ತೋಟಗಳ ನೆಲ. ಮಳೆಗಾಲದ ಸಂಜೆ ಅಡಕೆತೋಟದಲ್ಲಿ ಒಬ್ಬ ಹೆಂಗಸಿನ ಕಾಲಿಗೆ ಹಾವು ಕಚ್ಚಿತೆಂದು ಭಾವಿಸೋಣ. ಮನೆಯವರು ಮೊದಲು ನಾಟಿವೈದ್ಯನ ಬಳಿಗೆ ಓಡಬಹುದು. ಕಚ್ಚಿದುದು ನಾಗರಹಾವಾದರೆ ನಾಗದೋಷದ ಶಂಕೆಯೂ ಹುಟ್ಟಿ, ಬನದ ತಂಬಿಲದ ಮಾತೂ ಬಂದೀತು. ಆಮೇಲೆ ಹತ್ತಿರದ ಚಿಕಿತ್ಸಾಲಯ, ಅಲ್ಲಿಂದ ಮೂಡುಬಿದಿರೆ, ಅಲ್ಲಿಂದ ಮಂಗಳೂರು. ಈ ಮಾರ್ಗದಲ್ಲಿ ಅಧಿಸೂಚನೆಯ ಮೂರು ನ್ಯೂನತೆಗಳು ಕಾಣಬರುವುವು.

ಮೊದಲನೆಯದು, ನಾಟಿವೈದ್ಯನು ಈ ವ್ಯವಸ್ಥೆಯ ಹೊರಗಿರುವನು. ಆಕೆಯು ಅವನ ಮನೆಯ ಜಗಲಿಯಲ್ಲಿಯೇ ಪ್ರಾಣಬಿಟ್ಟರೆ ಯಾವ ಆಸ್ಪತ್ರೆಯೂ ಆ ಮರಣವನ್ನು ತಿಳಿಸದು. ಎಣಿಕೆಗೆ ಸಿಕ್ಕದ ಸಾವುಗಳನ್ನು ಎಣಿಸಬೇಕೆಂದು ಹೊರಟ ಆಜ್ಞೆಯು ಆಸ್ಪತ್ರೆಯ ಬಾಗಿಲಿನಲ್ಲಿಯೇ ನಿಂತುಬಿಡುವುದು. ಎರಡನೆಯದು, ಒಬ್ಬಳೇ ರೋಗಿಯು ಮೂರು ಕಡೆ ದಾಖಲಾಗಿ ಮೂವರೆಂದು ಎಣಿಕೆಯಾಗಬಹುದು. ಅಥವಾ ಪ್ರತಿಯೊಬ್ಬ ವೈದ್ಯನೂ ಮುಂದಿನವನು ತಿಳಿಸುವನೆಂದು ಸುಮ್ಮನಿದ್ದು ಒಬ್ಬಳೂ ಎಣಿಕೆಯಾಗದಿರಬಹುದು. ರೋಗಿಯನ್ನು ಮುಂದಕ್ಕೆ ಕಳುಹಿದ ವೈದ್ಯನಿಗೆ ಆಕೆಯ ಗತಿಯೇನಾಯಿತೆಂಬುದನ್ನು ತಿಳಿಸುವ ಏರ್ಪಾಡಂತೂ ಹಳ್ಳಿಯ ಅನುಭವದಲ್ಲಿ ಇಲ್ಲ. ಮೂರನೆಯದು, ಒಂಟಿಯಾಗಿ ಚಿಕಿತ್ಸಾಲಯವನ್ನು ನಡೆಸುವ ವೈದ್ಯನಿಗೆ ಗುಮಾಸ್ತನಿಲ್ಲ. ಅವನು ಆ ಹೊತ್ತಿನಲ್ಲಿ ಮಾಡಬೇಕಾದುದು ಕಟ್ಟಿದ ಕಟ್ಟನ್ನು ಜಾಗರೂಕತೆಯಿಂದ ಬಿಡಿಸಿ, ಉಸಿರನ್ನು ಗಮನಿಸಿ, ಶುಭ್ರವಾದ ಗಾಜಿನ ನಳಿಗೆಯಲ್ಲಿ ರಕ್ತವನ್ನು 20 ನಿಮಿಷ ಇಟ್ಟು ಅದು ಹೆಪ್ಪುಗಟ್ಟುವುದೋ ಇಲ್ಲವೋ ನೋಡಿ, ವಿಳಂಬಿಸದೆ ಮುಂದಿನ ಉಪಾಯ ಮಾಡುವುದು. ಬರೆವಣಿಗೆಯು ಅವನಿಗೆ ಸಹಜವಾಗಿಯೇ ಎರಡನೆಯದು.

ಶಿಕ್ಷೆಯ ಭಯದಿಂದ ಇದನ್ನು ಸರಿಪಡಿಸಬಹುದೆಂದು ಕೆಲವರು ಹೇಳಿಯಾರು. ಕ್ಷಯರೋಗದ ಅನುಭವವು ಬೇರೆಯ ಪಾಠವನ್ನು ಕಲಿಸುವುದು. 2012ರಲ್ಲಿ ಕ್ಷಯವನ್ನು ತಿಳಿಸಬೇಕಾದ ರೋಗವೆಂದು ಕೇಂದ್ರ ಸರ್ಕಾರವು ಸಾರಿತು. 2018ರಲ್ಲಿ ದಂಡವಿಧಿಯ ಉಲ್ಲೇಖವನ್ನೂ ಸೇರಿಸಿತು. ಆದರೆ ಅದರೊಡನೆಯೇ ತಿಳಿಸಿದ ಖಾಸಗಿ ವೈದ್ಯನಿಗೆ 500 ರೂಪಾಯಿಗಳ ಸಂಭಾವನೆ, ರೋಗಿಗೆ ಧರ್ಮಾರ್ಥವಾದ ಔಷಧ, ತಿಂಗಳು ತಿಂಗಳು ಆಹಾರಕ್ಕೆ ಹಣ, ಇವೂ ಬಂದುವು. ತಿಳಿಸಿದುದರಿಂದ ತನ್ನ ರೋಗಿಗೆ ಏನೋ ಒಳಿತಾಯಿತೆಂದು ಕಂಡ ವೈದ್ಯನು ಮತ್ತೊಮ್ಮೆಯೂ ತಿಳಿಸುವನು. ಹಾವುಕಡಿತದ ವಿಷಯದಲ್ಲಿ ಈ ಪ್ರತಿಫಲವು ಯಾವುದು?

ಪ್ರತಿಫಲವು ಪ್ರತಿವಿಷವೇ ಆಗಬೇಕು. ಭಾರತದಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷದಿಂದ ತಯಾರಿಸುವರು. ಆ ವಿಷದ ಬಹುಭಾಗವು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುವುದು. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈ ಔಷಧವು ನಾಟದು. ಅದರ ಕಡಿತದಿಂದ ರಕ್ತವು ಹೆಪ್ಪುಗಟ್ಟದೆ ಹೋಗುವುದೂ ಮೂತ್ರಪಿಂಡಗಳು ಕೆಡುವುದೂ ಉಂಟು. ಇಂತಹ ಕಡಿತಗಳು ಈ ಜಿಲ್ಲೆಯಲ್ಲಿ ಎಷ್ಟು ನಡೆಯುವುವೆಂದು ತಿಳಿಯದೆ ಹೊಸ ಪ್ರತಿವಿಷವನ್ನು ತಯಾರಿಸೆಂದು ಯಾರನ್ನು ಕೇಳುವುದು? ಆದುದರಿಂದ ವರದಿಯಲ್ಲಿ ‘ಹಾವು ಕಚ್ಚಿತು’ ಎಂದಿದ್ದರೆ ಸಾಲದು. ಯಾವ ಹಾವು, ರಕ್ತವು ಹೆಪ್ಪುಗಟ್ಟಿತೇ, ಎಷ್ಟು ಸೀಸೆ ಔಷಧ ಕೊಡಲಾಯಿತು, ಗುಣವಾಯಿತೇ ಎಂಬ ನಾಲ್ಕು ಮಾತುಗಳು ಇರಬೇಕು. ಹಾವನ್ನು ಹಿಡಿದು ತರಬೇಕೆಂದು ನಾವು ಹೇಳುತ್ತಿಲ್ಲ. ಅದು ಎರಡನೆಯ ಕಡಿತಕ್ಕೆ ದಾರಿ. ದೂರದಿಂದ ತೆಗೆದ ಛಾಯಾಚಿತ್ರವೂ ರೋಗಲಕ್ಷಣಗಳೂ ಬಹುಮಟ್ಟಿಗೆ ಸಾಕು.

ಹಣದ ವಿಷಯದಲ್ಲಿ ಒಂದು ಮಾತು. 2007ನೆಯ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯು, ತುರ್ತುಚಿಕಿತ್ಸೆಯಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸಕೂಡದೆಂದು ವಿಧಿಸಿತು. ಹಾವುಕಡಿತವು ಅಂತಹ ತುರ್ತೆಂಬುದರಲ್ಲಿ ಸಂದೇಹವಿಲ್ಲ. ಒಂದು ಶಾಸನವು ಚಿಕಿತ್ಸೆಯನ್ನು ಹೇಳುವುದು, ಮತ್ತೊಂದು ಗಣನೆಯನ್ನು ಹೇಳುವುದು. ಇವೆರಡನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಪ್ರತಿಯೊಂದು ಚಿಕಿತ್ಸಾಲಯದ ಗೋಡೆಯ ಮೇಲೂ ಅಂಟಿಸಿದರೆ ವೈದ್ಯನಿಗೂ ರೋಗಿಗೂ ಉಪಕಾರವಾದೀತು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಅಧಿಸೂಚನೆಯು ಸ್ತುತ್ಯವಾದುದು, ಅಪೂರ್ಣವಾದುದು. ಗ್ರಾಮದ ಆಶಾ ಕಾರ್ಯಕರ್ತೆಯು ಮನೆಯಲ್ಲಾದ ಮರಣವನ್ನು ತಿಳಿಸುವಂತಾಗಬೇಕು. ರೋಗಿಯೊಡನೆ ಒಂದೇ ಗುರುತಿನ ಚೀಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಬೇಕು. ನಾಟಿವೈದ್ಯನನ್ನು ಬೈಯುವುದಕ್ಕೆ ಬದಲಾಗಿ ಅವನಿಂದಲೇ ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಕಳುಹಿಸುವ ವಚನವನ್ನು ಪಡೆಯಬೇಕು. ಎಣಿಕೆಯು ಮೊದಮೊದಲು ಏರಿದರೆ ಯಾರೂ ಗಾಬರಿಯಾಗಬೇಕಾದುದಿಲ್ಲ. ಹಾವುಗಳು ಹೆಚ್ಚಿದುವೆಂದು ಅದರ ಅರ್ಥವಲ್ಲ, ಈ ವರೆಗೆ ಕಾಣದಿದ್ದವರು ಕಾಣತೊಡಗಿದರೆಂದೇ ಅರ್ಥ. 2030ರೊಳಗೆ ಹಾವುಕಡಿತದ ಮರಣಗಳನ್ನು ಅರ್ಧಕ್ಕೆ ಇಳಿಸಬೇಕೆಂದು ಕೇಂದ್ರ ಸರ್ಕಾರವು 2024ರ ಮಾರ್ಚಿಯಲ್ಲಿ ಸಂಕಲ್ಪ ಮಾಡಿರುವುದು. ಯಾವುದರ ಅರ್ಧವೆಂಬುದು ಗೊತ್ತಾಗಬೇಕಾದರೆ ಮಿಜಾರಿನ ತೋಟದಲ್ಲಿ ಬಿದ್ದ ಆ ಒಬ್ಬಳೂ ಲೆಕ್ಕದಲ್ಲಿ ಇರಬೇಕು.