ಹೊಡೆಯುವವನ ಹಿಮ್ಮೇಳ

ಸಣ್ಣಾಟ ನೋಡಿದವರಿಗೆ ಗೊತ್ತು, ಅಲ್ಲಿ ಯಾವ ಪಾತ್ರವೂ ಒಂಟಿಯಾಗಿ ಹಾಡುವುದಿಲ್ಲ. ಪಾತ್ರಧಾರಿ ಒಂದು ಸೊಲ್ಲು ಹಾಡಿದರೆ ಹಿಂದೆ ನಿಂತವರು ಅದನ್ನು ಎತ್ತಿಕೊಳ್ಳುತ್ತಾರೆ. ಪಾತ್ರಕ್ಕೆ ಸಿಟ್ಟು ಬಂದರೆ ಹಿಮ್ಮೇಳಕ್ಕೂ ಸಿಟ್ಟು ಬರುತ್ತದೆ. ಎಳೆಯವನಿದ್ದಾಗ ನಾನು ಪಾತ್ರಗಳನ್ನಷ್ಟೇ ನೋಡುತ್ತಿದ್ದೆ. ಈಗ ಆಟ ನೋಡಲು ಕೂತರೆ ಕಣ್ಣು ಹಿಂದೆ ನಿಂತವರ ಕಡೆಗೇ ಹೋಗುತ್ತದೆ. ಇವರು ಒಂದು ಸಲ ಸುಮ್ಮನಾಗಿಬಿಟ್ಟರೆ ಮುಂದೆ ನಿಂತವನು ಏನು ಮಾಡುತ್ತಾನೆ ಎಂಬ ಪ್ರಶ್ನೆ ಕಾಡುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿ. ಘಟಪ್ರಭೆಯ ದಂಡೆಯ ಊರುಗಳಿಂದ ಬರುವ ಹುಡುಗರಿಗೆ ನಾನು ಕನ್ನಡ ಪಾಠ ಹೇಳುತ್ತೇನೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಆಣೆಕಟ್ಟಿನಿಂದ ಇಳಿದ ಹೊಳೆ ಗೋಕಾಕದಲ್ಲಿ ಧುಮುಕಿ ಮೂಡಲಗಿಯ ಬಯಲಿಗೆ ಹರಿಯುತ್ತದೆ. ಈ ಮೂರು ತಾಲ್ಲೂಕುಗಳ ನೆಲ ಕನ್ನಡಕ್ಕೆ ಕೊಟ್ಟದ್ದು ಕಡಿಮೆಯೇನಲ್ಲ. ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ಹುಕ್ಕೇರಿ ತಾಲ್ಲೂಕಿನದು. ಬಸವರಾಜ ಕಟ್ಟೀಮನಿಯವರ ಮಲಾಮರಡಿ, ಆನಂದಕಂದರ ಬೆಟಗೇರಿ ಗೋಕಾಕ ಸೀಮೆಯವು. ಶ್ರೀಕೃಷ್ಣಪಾರಿಜಾತವನ್ನು ಆಟವಾಗಿ ಬೆಳೆಸಿದ ತಮ್ಮಣ್ಣನ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಇಷ್ಟು ಕಥೆ, ಆಟ, ಹಾಡು ಇರುವ ನೆಲದಲ್ಲಿ ಹೆಂಡತಿಯ ಮೇಲೆ ಕೈಯೆತ್ತುವ ಗಂಡಸನ್ನು ಸಾಹಿತ್ಯ ಹೇಗೆ ಕಂಡಿದೆ? ಅದಕ್ಕಿಂತ ಮುಖ್ಯವಾಗಿ, ಅವನ ಕೈ ಹಿಡಿಯಬಹುದಾದ ಇನ್ನೊಬ್ಬ ಗಂಡಸನ್ನು ಅದು ಎಲ್ಲಿಯಾದರೂ ಬರೆದಿದೆಯೆ?

ಪ್ರಶ್ನೆ ಬರೀ ಸಾಹಿತ್ಯದ್ದಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ಕೆಲವು ಸಂದರ್ಭಗಳಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎಂದ ಗಂಡಸರು ನಮ್ಮ ರಾಜ್ಯದಲ್ಲಿ ಶೇ. 81.9. ಹಾಗೆಂದ ಹೆಂಗಸರೂ ಶೇ. 76.9. ಹೊಡೆಸಿಕೊಂಡವರ ಸಂಖ್ಯೆಗಿಂತ ಹೊಡೆತವನ್ನು ಒಪ್ಪುವವರ ಸಂಖ್ಯೆ ದೊಡ್ಡದು. ಅಂದರೆ ಹೊಡೆಯದವನೂ ಹಿಮ್ಮೇಳದಲ್ಲಿ ನಿಂತಿದ್ದಾನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಇಂಥ ಹಿಮ್ಮೇಳದ ಪಲ್ಲವಿ. ಜಗಳಕ್ಕೂ ಹೊಡೆತಕ್ಕೂ ನಡುವೆ ಇರುವ ಗೆರೆಯನ್ನು ಆ ಗಾದೆ ಅಳಿಸಿಹಾಕುತ್ತದೆ. ಪಕ್ಕದ ಮನೆಯವನು ಬಾಗಿಲು ತಟ್ಟದಿರಲು ಅದು ಕೊಡುವ ಅಪ್ಪಣೆ.

ಈ ಕಣ್ಣಿನಿಂದ ಮೊದಲು ‘ಸಂಗ್ಯಾ ಬಾಳ್ಯಾ’ ನೋಡೋಣ. ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಕಥೆ. ಬೆಳಗಾವಿ ಜಿಲ್ಲೆಯ ಯಾವ ಊರಿನಲ್ಲಿ ಆಡಿದರೂ ಜನ ಸೇರುತ್ತಾರೆ. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಿಯನ್ನು ಬಯಸುತ್ತಾನೆ, ಗೆಳೆಯ ಬಾಳ್ಯಾ ಒತ್ತಾಸೆಯಾಗುತ್ತಾನೆ, ಕೊನೆಗೆ ಅದೇ ಬಾಳ್ಯಾನ ದ್ರೋಹದಿಂದ ಸಂಗ್ಯಾ ಗಂಗಿಯ ಗಂಡ ಮತ್ತು ಮೈದುನರ ಕೈಗೆ ಸಿಕ್ಕಿ ಸಾಯುತ್ತಾನೆ. ಗೆಳೆತನದ ದುರಂತವೆಂದು ಇದನ್ನು ನಾವು ಓದುತ್ತ ಬಂದಿದ್ದೇವೆ. ತಪ್ಪಲ್ಲ, ಹೆಸರೇ ಹಾಗಿದೆ. ಆದರೆ ಆ ಹೆಸರಿನಲ್ಲಿ ಇಬ್ಬರು ಗಂಡಸರಿದ್ದಾರೆ, ಗಂಗಿ ಇಲ್ಲ. ಆಟ ಮುಗಿದ ಮೇಲೆ ಜನ ಸಂಗ್ಯಾನಿಗಾಗಿ ಮರುಗುತ್ತಾರೆ, ಬಾಳ್ಯಾನನ್ನು ಬೈಯುತ್ತಾರೆ. ಆ ರಾತ್ರಿ ಗಂಗಿ ಮರಳಿ ಹೋಗಬೇಕಾದ ಮನೆ ಹೇಗಿದ್ದೀತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೊಲೆ ರಂಗದ ಮೇಲೆ ನಡೆಯುತ್ತದೆ, ಸಂಸಾರ ರಂಗದ ಹಿಂದೆ ಉಳಿಯುತ್ತದೆ. ನಮ್ಮ ಊರುಗಳಲ್ಲಿಯೂ ಹಾಗೆಯೇ. ಕೊಲೆಯಾದರೆ ಸುದ್ದಿ. ಅದಕ್ಕೆ ಮುಂಚಿನ ಹತ್ತು ವರ್ಷಗಳ ಪೆಟ್ಟು ಅವರ ಮನಿ ಮಾತು.

1972ರಲ್ಲಿ ರಂಗಕ್ಕೆ ಬಂದ ಕಂಬಾರರ ‘ಜೋಕುಮಾರಸ್ವಾಮಿ’ ಇಲ್ಲಿಂದ ಒಂದು ದೊಡ್ಡ ಹೆಜ್ಜೆ ಮುಂದೆ ಇಡುತ್ತದೆ. ಊರ ಹೊಲಗಳನ್ನು ನುಂಗಿದ ಗೌಡ, ಮಕ್ಕಳಿಲ್ಲದ ಗೌಡತಿ, ಹೊಲ ಬಿಟ್ಟುಕೊಡದ ಬಸಣ್ಣ. ಗೌಡ ಒಬ್ಬನೇ ಬರುವುದಿಲ್ಲ, ಬಂದೂಕಿನೊಂದಿಗೆ, ಆಳುಗಳೊಂದಿಗೆ ಬರುತ್ತಾನೆ. ಅವನ ಗಂಡಸುತನವೆಲ್ಲ ಆ ಬಂದೂಕಿನಲ್ಲಿ ಮತ್ತು ಆ ಆಳುಗಳ ಹೂಂಗುಟ್ಟುವಿಕೆಯಲ್ಲಿದೆ, ಮೈಯಲ್ಲಿ ಇಲ್ಲ. ಇದನ್ನು ಕಂಬಾರರು ನಗಿಸುತ್ತಲೇ ಬಯಲು ಮಾಡುತ್ತಾರೆ. ದರ್ಪ ಎನ್ನುವುದು ಬಲದ ಗುರುತಲ್ಲ, ಬಲವಿಲ್ಲದ್ದನ್ನು ಮುಚ್ಚುವ ಹೊದಿಕೆ ಎಂದು ಇಷ್ಟು ಸಲೀಸಾಗಿ ತೋರಿಸಿದ ನಾಟಕ ಕನ್ನಡದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಗೌಡತಿಯ ಬಯಕೆಗೆ ಅವರು ಕೊಟ್ಟ ಘನತೆಯೂ ದೊಡ್ಡದು.

ಆದರೂ ನನ್ನದೊಂದು ತಕರಾರಿದೆ. ಗೌಡನಿಗೆ ಎದುರಾಗಿ ನಾಟಕ ನಿಲ್ಲಿಸುವುದು ಬಸಣ್ಣನನ್ನು. ಅವನು ಉಳುವವನು, ಬಿತ್ತುವವನು, ಹೆಣ್ಣಿಗೆ ಫಲ ಕೊಡಬಲ್ಲವನು. ಒಬ್ಬನಲ್ಲಿ ಗಂಡಸುತನ ಇಲ್ಲ, ಇನ್ನೊಬ್ಬನಲ್ಲಿ ಇದೆ ಎಂಬುದೇ ನಾಟಕದ ತಕ್ಕಡಿಯಾದರೆ, ಅಳತೆಗಲ್ಲು ಬದಲಾಗಲಿಲ್ಲ ಎಂದಾಯಿತು. ಗೌಡನೂ ಅದೇ ಕಲ್ಲಿನಿಂದ ತೂಗಿಸಿಕೊಂಡು ಹೆದರಿದವನಲ್ಲವೆ? ಜೋಕುಮಾರನ ಆಚರಣೆಯೇ ಫಲವಂತಿಕೆಯದು, ಅದನ್ನು ಬಿಟ್ಟು ನಾಟಕವಿಲ್ಲ ಎಂದು ಹೇಳಬಹುದು. ಒಪ್ಪುತ್ತೇನೆ. ಆದರೆ ಇದನ್ನು ಓದುವ ಇಪ್ಪತ್ತು ವರ್ಷದ ಹುಡುಗನಿಗೆ ಗೌಡನಾಗುವುದು ಬೇಡ ಎಂದು ತಿಳಿಯುತ್ತದೆ, ಬಸಣ್ಣನಾಗಬೇಕು ಎನಿಸುತ್ತದೆ. ನಾಳೆ ಹೊಲ ಕೈಬಿಟ್ಟಾಗ, ಮಕ್ಕಳಾಗದಾಗ, ಹೆಂಡತಿ ಎದುರಾಡಿದಾಗ ಏನಾಗಬೇಕು ಎನ್ನುವುದಕ್ಕೆ ಇಬ್ಬರಲ್ಲೂ ಉತ್ತರವಿಲ್ಲ. ಸೋತ ಗಂಡಸು ಮನೆಯೊಳಗೆ ಹೇಗಿರಬೇಕು ಎಂಬುದನ್ನು ನಾಟಕ ಹೇಳಿಕೊಡುವುದಿಲ್ಲ.

ಸೋತ ಗಂಡಸನ್ನು ಹುಡುಕಿದರೆ ನಮಗೆ ಸಿಗುವವನು ಪಾರಿಜಾತದ ಕೃಷ್ಣ. ನಾರದ ತಂದ ಹೂವನ್ನು ರುಕ್ಮಿಣಿಗೆ ಕೊಟ್ಟು ಸತ್ಯಭಾಮೆಯ ಸಿಟ್ಟಿಗೆ ಸಿಕ್ಕಿದವನು. ಭಾಮೆ ಬೈಯುತ್ತಾಳೆ, ಹಂಗಿಸುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಕೃಷ್ಣ ಕೈಯೆತ್ತುವುದಿಲ್ಲ, ಬೇಡಿಕೊಳ್ಳುತ್ತಾನೆ. ಬೆಳತನಕ ಜನ ಇದನ್ನು ಸವಿಯುತ್ತಾರೆ. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಈ ಆಟಕ್ಕೆ ಬಂದು ಹೆಸರಾದ ಕೌಜಲಗಿ ನಿಂಗಮ್ಮನನ್ನು ಹಿರಿಯರು ಇಂದೂ ನೆನೆಯುತ್ತಾರೆ. ಹೆಂಡತಿಯ ಸಿಟ್ಟನ್ನು ಕೇಳಿಸಿಕೊಂಡು ನಿಲ್ಲಬಲ್ಲ ಗಂಡ ನಗೆಪಾಟಲಾಗದೆ ದೇವರಾಗಿಯೇ ಉಳಿಯುವ ಆಟ ನಮ್ಮ ಸೀಮೆಯದೇ ಎನ್ನುವುದು ಸಣ್ಣ ಮಾತಲ್ಲ. ಗಂಡಸರ ಜೊತೆ ಈ ವಿಷಯ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗಲಾರದು.

ಆದರೆ ಪಾರಿಜಾತವನ್ನೂ ಪೂರ್ತಿ ನಂಬುವಂತಿಲ್ಲ. ಅಲ್ಲಿ ಭಾಮೆಯ ಸಿಟ್ಟಿಗೆ ಕೊನೆಗೆ ಇಡುವ ಹೆಸರು ಗರ್ವ. ಗರ್ವವಿದ್ದರೆ ಅದು ಮುರಿಯಲೇಬೇಕು. ರುಕ್ಮಿಣಿಯ ಸಹನೆ ಗೆಲ್ಲಲೇಬೇಕು. ಪೆಟ್ಟಿಲ್ಲದ ಮನೆಯೂ ಹೆಣ್ಣಿನ ಸಿಟ್ಟನ್ನು ತಪ್ಪೆಂದೇ ಬರೆದಿಟ್ಟುಕೊಳ್ಳುತ್ತದೆ. ಈ ರುಕ್ಮಿಣಿಯೇ ಮುಂದೆ ನಮ್ಮ ಸಾಂಸಾರಿಕ ಕಾದಂಬರಿಗೂ ಬಂದಳು. ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರು ನಮ್ಮ ಅವ್ವಂದಿರನ್ನು ಓದುಗರನ್ನಾಗಿಸಿದವರು, ಆ ಋಣ ದೊಡ್ಡದು. ಆದರೆ ಅವರ ಕೃತಿಗಳ ಹೆಸರು ನೋಡಿ: ‘ಕುಲವಧು’, ‘ಧರ್ಮದೇವತೆ’. ಕುಲವನ್ನೂ ಧರ್ಮವನ್ನೂ ಹೊರುವ ಕೆಲಸ ಹೆಣ್ಣಿಗೆ. ಇವು 1963ರಲ್ಲಿ ಮತ್ತು 1970ರಲ್ಲಿ ಸಿನಿಮಾಗಳಾದವು (ಎರಡನೆಯದು ‘ಕರುಳಿನ ಕರೆ’ ಎಂಬ ಹೆಸರಿನಲ್ಲಿ), ಟಾಕೀಜುಗಳು ಅತ್ತವು. ಅವಳು ಸಹಿಸಿ ಗೆದ್ದಳು ಎಂದು ಅತ್ತವರಲ್ಲಿ ಗಂಡಸರೂ ಇದ್ದರು. ಆ ಕಣ್ಣೀರು ಅವರಿಂದ ಮನೆಯಲ್ಲಿ ಏನನ್ನೂ ಕೇಳಲಿಲ್ಲ.

ಬದಲಾವಣೆಯ ಭಾರ ಹೆಣ್ಣಿನ ಮೇಲೆಯೇ ಬಿದ್ದದ್ದು ಸಾಹಿತ್ಯದಲ್ಲಿ ಮಾತ್ರವಲ್ಲ. ಇದೇ ಸೀಮೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರು ತಾವೇ ‘ಮಾಸ್’ ಎಂಬ ಸಂಘಟನೆ ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೆಣ್ಣುಮಕ್ಕಳು ಇಷ್ಟು ದೂರ ನಡೆದ ಮೇಲೆ ಗಂಡಸರನ್ನು ಕೂಡಿಸಿ ಮಾತಾಡುವ ಕೆಲಸ ಮೆಲ್ಲಗೆ ಶುರುವಾಯಿತು. ಪಕ್ಕದ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ‘ಸಂವೇದನಾ ಪ್ಲಸ್’ ಅಂಥ ಒಂದು ಪ್ರಯತ್ನ. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ಜೊತೆಗೆ ಅವರ ಸಂಗಾತಿ ಗಂಡಸರನ್ನೂ ಊರವರನ್ನೂ ಒಳಗೊಂಡ ಕೆಲಸ ಅದು. ಫಲಿತಾಂಶ ಪ್ರಾಮಾಣಿಕವಾಗಿತ್ತು. ಹಿಂಸೆಯನ್ನು ಒಪ್ಪುವ ಮನಸ್ಸು ತಗ್ಗಿತು, ತಮ್ಮನ್ನು ಕಾಪಾಡಿಕೊಳ್ಳುವ ದಾರಿಗಳು ಹೆಣ್ಣುಮಕ್ಕಳಿಗೆ ತಿಳಿದವು. ಆದರೆ ಪೆಟ್ಟುಗಳ ಲೆಕ್ಕದಲ್ಲಿ ಆ ಕೆಲಸ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮಾತು ಬದಲಾದ ತಕ್ಷಣ ಕೈ ಬದಲಾಗುವುದಿಲ್ಲ. ಹಾಗೆಂದು ಮಾತು ಬಿಡಲಾದೀತೆ?

ನನ್ನ ಮನೆಯ ಒಂದು ನೆನಪು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಕಾಕು ಪೆಟ್ಟು ತಿನ್ನುವ ರಾತ್ರಿಗಳಲ್ಲಿ ಅಪ್ಪ ರೇಡಿಯೋ ಸದ್ದು ಏರಿಸುತ್ತಿದ್ದರು, ಮಕ್ಕಳಿಗೆ ಕೇಳಿಸಬಾರದೆಂದು. ಒಂದು ರಾತ್ರಿ ಏನನ್ನಿಸಿತೋ, ರೇಡಿಯೋ ಬಂದ್ ಮಾಡಿ ಎದ್ದು ಹೋಗಿ ಆ ಮನೆಯ ಬಾಗಿಲು ಬಡಿದರು. ‘ಒಂದ ತಂಬಗಿ ನೀರ ಕೊಡ್ರಿ, ನಮ್ಮ ಮನ್ಯಾಗ ತೀರ್‍ಯಾವು’ ಎಂದರು. ನಮ್ಮ ಮನೆಯಲ್ಲಿ ಕೊಡ ತುಂಬಿತ್ತು. ಕಾಕಾ ಬಾಗಿಲಿಗೆ ಬಂದ, ನಿಂತ. ಒಳಗಿನ ಸದ್ದು ನಿಂತಿತು. ಅಪ್ಪ ನೀರು ಇಸಿದುಕೊಂಡು ಅಲ್ಲಿಯೇ ಕಟ್ಟೆಯ ಮೇಲೆ ಕೂತು, ಅವನನ್ನೂ ಕೂಡಿಸಿಕೊಂಡು ಕಬ್ಬಿನ ಬಿಲ್ಲು, ಮಳೆ ಎಂದು ಏನೇನೋ ಮಾತಾಡಿದರು. ಉಪದೇಶದ ಒಂದು ಮಾತೂ ಇರಲಿಲ್ಲ. ಆ ರಾತ್ರಿ ಮತ್ತೆ ಪೆಟ್ಟು ಬೀಳಲಿಲ್ಲ. ಮುಂದೆ ಪೂರ್ತಿ ನಿಂತಿತೆಂದು ನಾನು ಹೇಳಲಾರೆ, ನಿಲ್ಲಲಿಲ್ಲ. ಮರುದಿನದಿಂದ ಕಾಕಾ ನಮ್ಮ ಜೊತೆ ಮಾತು ಬಿಟ್ಟ, ಎರಡು ವರ್ಷ. ಅಪ್ಪ ಮತ್ತೆ ಹೋಗಲಿಲ್ಲ. ರೇಡಿಯೋ ಮತ್ತೆ ಜೋರಾಯಿತು. ಮೊದಲ ಸಲ ಹೋದದ್ದಕ್ಕಿಂತ ಎರಡನೆಯ ಸಲ ಹೋಗದಿದ್ದುದೇ ನನಗೆ ಹೆಚ್ಚು ನೆನಪಿದೆ. ಆಗ ನಾನೂ ಬೆಳೆದಿದ್ದೆ. ತಂಬಿಗೆ ಹಿಡಿದು ನಾನೂ ಹೋಗಬಹುದಿತ್ತು.

ಇದನ್ನು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. ‘ಸರ, ನಮ್ಮ ಮಾಂವ ಹೊಡಿಯುಮುಂದ ನಾನೂ ಹೊರಗ ಕಟ್ಟಿ ಮ್ಯಾಲ ಮೊಬೈಲ ನೋಡ್ಕೊಂತ ಕುಂತಿದ್ನರಿ’ ಎಂದ. ಯಾರೂ ನಗಲಿಲ್ಲ. ‘ಕುಡದಿದ್ದ ಬಿಡ್ರಿ’ ಎಂದು ಪಕ್ಕದವನು ಸಮಾಧಾನ ಹೇಳಲು ಹೋದ. ಹುಡುಗಿಯರ ಸಾಲಿನಿಂದ ಒಂದು ದನಿ ಬಂತು: ‘ಕುಡದಾಂವ ಸಾಹುಕಾರನ್ನ ಯಾಕ ಹೊಡ್ಯಾಂಗಿಲ್ಲ?’ ಇಡೀ ಸೆಮಿಸ್ಟರಿನಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ವಿಮರ್ಶೆ ಗಂಡಸರನ್ನು ತಿದ್ದಬಲ್ಲದು ಎಂಬ ಭ್ರಮೆ ನನಗಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾಡಬೇಕಾದ ಕೆಲಸವನ್ನು ನಾಟಕದ ಪಾಠ ಮಾಡಲಾರದು. ಹೆಣ್ಣುಮಕ್ಕಳಿಗೆ ಬೇಕಾದ ರಕ್ಷಣೆ ಮೊದಲು, ಗಂಡಸರ ಮನಪರಿವರ್ತನೆ ಆಮೇಲೆ. ಆದರೆ ಓದು ಒಂದು ಕೆಲಸ ಮಾಡಬಲ್ಲದು. ನಾವು ನೂರು ಸಲ ನೋಡಿದ ಆಟದಲ್ಲಿ ಯಾವ ಪಾತ್ರ ಇಲ್ಲ ಎಂಬುದನ್ನು ಅದು ತೋರಿಸಬಲ್ಲದು.

ಆ ವಾರ ಹುಡುಗರಿಗೆ ಒಂದು ಬರಹ ಕೊಟ್ಟೆ: ‘ಸಂಗ್ಯಾ ಬಾಳ್ಯಾ’ಕ್ಕೆ ಒಂದು ಹೊಸ ಪಾತ್ರ ಸೇರಿಸಿ. ಹೆಚ್ಚಿನವರು ಪೊಲೀಸ, ಸ್ವಾಮಿಗಳು, ಜಡ್ಜ್ ಎಂದು ಬರೆದರು. ಕಟ್ಟೆಯ ಮೇಲೆ ಕೂತಿದ್ದೆ ಎಂದ ಹುಡುಗ ಮಾತ್ರ ಬೇರೆ ಬರೆದ. ಸಂಗ್ಯಾಗ ಗೆಳೆಯ ಇದ್ದ, ಕೆಟ್ಟವನಾದರೂ ಇದ್ದ. ಗಂಗಿಯ ಗಂಡನಿಗೆ ತಮ್ಮಂದಿರಿದ್ದರು, ಗೆಳೆಯ ಇರಲಿಲ್ಲ. ಅವನಿಗೊಬ್ಬ ಗೆಳೆಯ ಬೇಕಿತ್ತು ಎಂದು ಬರೆದು, ಆ ಗೆಳೆಯನಿಗೆ ಒಂದೇ ಮಾತು ಕೊಟ್ಟಿದ್ದ: ‘ಇವತ್ತ ಮನಿಗೆ ಹೋಗಬ್ಯಾಡ, ನನ್ನ ಕೂಡ ಮಲಗು, ನಾಳೆ ಇಬ್ಬರೂ ಹೋಗೂಣು.’

ನಾನು ಆ ಹಾಳೆಗೆ ಅಂಕ ಹಾಕಿಲ್ಲ. ಜಾತ್ರೆಯಲ್ಲಿ ಮುಂದಿನ ಸಲ ಆಟ ನೋಡುವಾಗ ಆ ಮಾತು ಹಿಮ್ಮೇಳದಿಂದ ಬರುತ್ತದೇನೋ ಎಂದು ಕಾಯುತ್ತೇನೆ. ಬರುವುದಿಲ್ಲವೆಂದು ಗೊತ್ತಿದೆ. ಪಕ್ಕದ ಮನೆಯಲ್ಲಿ ಸದ್ದಾದ ರಾತ್ರಿಯಾದರೂ ಬರಲಿ.